ಮೆಟ್ಟಿಲ ಕೆಳಗಿನ ಅರ್ಜಿ ಮೇಜು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಹಿಡಿದು ಸೀಟುಗಳೆಲ್ಲ ಭರ್ತಿಯಾಗುವವರೆಗೆ ನನ್ನ ಮೇಜಿನ ಹತ್ತಿರ ಏನಾದರೊಂದು ಆಗುತ್ತಲೇ ಇತ್ತು. ಅಪರೂಪಕ್ಕೆ ಏನೂ ಆಗದೆ ಒಂದು ದಿನ ಕಳೆದರೆ ನಮ್ಮ ಅಟೆಂಡರ್ ಸಂಜೆ ಬೀಗ ಹಾಕುವಾಗ, "ಎಂತ ಮೇಡಂ, ಇವತ್ತು ಹುಷಾರಿಲ್ವಾ?" ಎಂದು ಕೇಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾನು ಕೊಪ್ಪದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಆಗ ಮುಂದಿನ ಓದಿಗೆ ಅರ್ಜಿ ಹಾಕುವುದೆಂದರೆ ಪೂರ್ತಿ ಕಾಗದದ ಕೆಲಸ. ಸರ್ಕಾರಿ ವಿಶ್ವವಿದ್ಯಾಲಯಗಳ ಅರ್ಜಿ ಇಂಗ್ಲಿಷಿನಲ್ಲಿರುತ್ತಿತ್ತು, ನಮ್ಮ ಮಕ್ಕಳು ಓದಿದ್ದು ಕನ್ನಡದಲ್ಲಿ. ಒಂದು ವರ್ಷ ಪ್ರಿನ್ಸಿಪಾಲರು ಮೆಟ್ಟಿಲ ಕೆಳಗಿನ ಜಾಗ ಗುಡಿಸಿಸಿ, ಒಂದು ಮೇಜು, ಎರಡು ಬೆಂಚು ಹಾಕಿಸಿ ನನ್ನನ್ನು ಕರೆದರು. "ಮೇಡಂ, ಇಷ್ಟು ವರ್ಷ ರಾಜರ ಹಿಂದಿನದೆಲ್ಲ ನೋಡಿದ್ದೀರಿ. ಇನ್ನು ಈ ಮಕ್ಕಳ ಮುಂದಿನದನ್ನೂ ಸ್ವಲ್ಪ ನೋಡಿ," ಎಂದರು. ಅಲ್ಲಿಗೆ ನನ್ನ ಬೇಸಿಗೆ ರಜೆ ಮುಗಿಯಿತು. ಮೊದಲ ವರ್ಷ ನಮ್ಮ ಕಾಲೇಜಿನ ಮಕ್ಕಳು ಮಾತ್ರ ಬಂದರು. ಮುಂದಿನ ವರ್ಷ ಶೃಂಗೇರಿಯವರೂ ಎನ್.ಆರ್. ಪುರದವರೂ ಬಸ್ಸು ಹತ್ತಿ ಬಂದರು. ಅಡಿಕೆ ಮಂಡಿಗೆ ಬಂದವರು ಕೂಡ ಚೀಲ ಇಳಿಸಿ, "ಹಾಗೇ ಮಗನದ್ದೊಂದು ತುಂಬಿಸಿ ಬಿಡುವ" ಅಂತ ಒಳಗೆ ಬರುತ್ತಿದ್ದರು.

ಎಲ್ಲರಿಗೂ ಒಂದೇ ಕೋಟು

ಅರ್ಜಿಗೆ ಹೊಸದಾಗಿ ತೆಗೆಸಿದ ಫೋಟೋ ಅಂಟಿಸಬೇಕು. ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದವರು ಆ ಸೀಸನ್ನಿಗೆಂದೇ ಒಂದು ಕಪ್ಪು ಕೋಟು, ಕೆಂಪು ಟೈ ಇಟ್ಟುಕೊಂಡಿದ್ದರು. ಕೋಟು ಅಂದರೆ ಮುಂದಿನ ಅರ್ಧ ಮಾತ್ರ. ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು. ಕುರ್ಚಿಯ ಮೇಲೆ ಕೂತವನು ಮುಂದಿನಿಂದ ಬ್ಯಾಂಕ್ ಮ್ಯಾನೇಜರು, ಹಿಂದಿನಿಂದ ಮಾಮೂಲಿ ಹುಡುಗ.

ಹುಡುಗರೆಲ್ಲ ಅದನ್ನೇ ತೊಟ್ಟು ತೆಗೆಸಿಕೊಂಡರು. ಸಣಕಲರಿಗೆ ಕೋಟು ಕುತ್ತಿಗೆಯವರೆಗೆ ಬರುತ್ತಿತ್ತು, ದಪ್ಪಗಿದ್ದವರಿಗೆ ಟೈ ಮಾತ್ರ ಕಾಣುತ್ತಿತ್ತು. ಒಬ್ಬಳು ಹುಡುಗಿ ಇದನ್ನೆಲ್ಲ ನೋಡಿ ಸ್ಟುಡಿಯೋಗೆ ಹೋಗಿ, ತನಗೂ ಕೋಟು ಬೇಕು ಅಂದಳಂತೆ. ಸ್ಟುಡಿಯೋದವರು, "ನಿಂಗೆ ಯಾಕಮ್ಮಾ, ಚೂಡಿದಾರದಲ್ಲೇ ಚೆನ್ನಾಗಿ ಬರ್ತದೆ," ಅಂದರು. ಅವಳು ಬಿಡಲಿಲ್ಲ. "ಕೋಟು ಹಾಕಿದವರಿಗೇ ಮೊದಲು ಸೀಟು ಕೊಟ್ಟುಬಿಟ್ಟರೆ ನೀವು ಜವಾಬ್ದಾರಿ ತಗೋತೀರಾ?" ಎಂದು ಕೇಳಿ ಕೋಟು ಹಾಕಿಸಿಕೊಂಡೇ ಬಂದಳು. ಅದನ್ನು ನೋಡಿ ಉಳಿದ ಹುಡುಗಿಯರೂ ಹೋದರು.

ಆ ವರ್ಷ ಅರ್ಜಿಗಳ ಕಟ್ಟು ಹಿಡಿದುಕೊಂಡು ಶಿವಮೊಗ್ಗದ ಅರ್ಜಿ ಕೌಂಟರಿಗೆ ನಾನೇ ಹೋಗಿದ್ದೆ. ಗುಮಾಸ್ತರು ಒಂದೊಂದೇ ಅರ್ಜಿ ತಿರುವಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಮೊದಲಿನಿಂದ ತಿರುವಿದರು. ಆಮೇಲೆ ತಲೆಯೆತ್ತಿ ಬಹಳ ಮರ್ಯಾದೆಯಿಂದ ಕೇಳಿದರು: "ಮೇಡಂ, ನಿಮ್ಮದು ಸರ್ಕಾರಿ ಕಾಲೇಜು ಅಂದಿರಿ. ಯೂನಿಫಾರಂ ಮಾತ್ರ ಭಾರಿ ಜೋರಾಗಿದೆ."

ಒಂದು ಮನೆ ಬಿಟ್ಟು

ಹೆಸರು ಬರೆಯಲು ಅರ್ಜಿಯಲ್ಲಿ ಚೌಕದ ಮನೆಗಳಿರುತ್ತಿದ್ದವು. ಒಂದು ಮನೆಗೆ ಒಂದು ಇಂಗ್ಲಿಷ್ ಅಕ್ಷರ. ಹೆಸರಿಗೂ ಇನಿಷಿಯಲ್ಲಿಗೂ ನಡುವೆ ಒಂದು ಮನೆ ಖಾಲಿ ಬಿಡಿ ಎಂದು ಎಲ್ಲರಿಗೂ ಹೇಳಿದ್ದೆ. ಚಂದ್ರಶೇಖರ ಎನ್ನುವ ಹುಡುಗ ಕೊನೆಯ ಬೆಂಚಿನಲ್ಲಿ ಕೂತಿದ್ದ. ಅವನ ಕಿವಿಗೆ ಬಿದ್ದದ್ದು "ಒಂದು ಮನೆ ಖಾಲಿ ಬಿಡಿ" ಎನ್ನುವಷ್ಟೇ. ಅವನು ವಿಧೇಯ ಹುಡುಗ. ಒಂದು ಅಕ್ಷರ, ಒಂದು ಖಾಲಿ, ಒಂದು ಅಕ್ಷರ, ಒಂದು ಖಾಲಿ ಹೀಗೆ ಚಂದವಾಗಿ ಬರೆದುಕೊಂಡು ಹೋದ. ಹೆಸರು ಮುಗಿಯುವ ಮೊದಲೇ ಮನೆಗಳು ಮುಗಿದವು. ಮುಗಿದ ಮೇಲೆ ಏನು ಮಾಡಬೇಕೆಂದು ನಾನು ಹೇಳಿರಲಿಲ್ಲವಾದ್ದರಿಂದ ಅವನು ಅಲ್ಲಿಗೇ ನಿಲ್ಲಿಸಿ, ನನಗೆ ತೋರಿಸದೆ ಅಂಚೆಗೆ ಹಾಕಿಬಿಟ್ಟ.

ಅತ್ತ ಕಚೇರಿಯಲ್ಲಿ ಯಾರೋ ಖಾಲಿ ಮನೆಗಳನ್ನೆಲ್ಲ ಮುಚ್ಚಿ ಅಕ್ಷರ ಜೋಡಿಸಿದ್ದಾರೆ. 'ಚಂದ್ರ' ಆಯಿತು. ಅದರ ಮುಂದೆ ಉಳಿದದ್ದು ಎಸ್, ಎಚ್, ಇ. ಅಂದರೆ 'ಶೀ', ಅವಳು. ಪುಣ್ಯಾತ್ಮರು ಅದನ್ನು ಹೆಸರಿನ ಪಾಲು ಎಂದುಕೊಳ್ಳದೆ, ಹುಡುಗಿ ಎಂದು ತಿಳಿಸಲು ಬರೆದದ್ದು ಎಂದುಕೊಂಡಿದ್ದಾರೆ.

ಎರಡು ವಾರದ ಮೇಲೆ ಹುಡುಗ ಕಚೇರಿಯಿಂದ ಬಂದ ಕಾರ್ಡು ಹಿಡಿದು ಬಂದ. ಬಿ.ಎ. ಸೀಟು ಸಿಕ್ಕಿತ್ತು. ಹಾಸ್ಟೆಲ್ಲೂ ಸಿಕ್ಕಿತ್ತು, ಹೆಣ್ಣುಮಕ್ಕಳ ಹಾಸ್ಟೆಲ್ಲು. ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. "ಗಾಬರಿಯಾಗಬೇಡ ಮಾರಾಯ, ಒಂದು ಪತ್ರ ಬರೆದುಕೊಡ್ತೇನೆ, ಎರಡು ದಿನದಲ್ಲಿ ಸರಿ ಮಾಡಿಕೊಡ್ತಾರೆ," ಅಂದೆ.

ಹುಡುಗ ಕಾರ್ಡನ್ನು ಮಡಚಿ ಜೇಬಿಗಿಟ್ಟುಕೊಂಡು, "ನಂಗೇನೂ ಗಾಬರಿ ಇಲ್ಲ ಮೇಡಂ. ನೀವು ನಿಧಾನಕ್ಕೆ ಬರೀರಿ," ಅಂದ.

ಉದ್ಯೋಗದ ಕಾಲಂ

ಸೀತೂರಿನ ಕಡೆಯ ಗಂಡ ಹೆಂಡತಿ ಮಗನನ್ನು ಕರೆದುಕೊಂಡು ಬಂದಿದ್ದರು. ನಾನು ಕೇಳುತ್ತಾ ಹೋದೆ, ಹುಡುಗ ಹೇಳುತ್ತಾ ಹೋದ. ತಂದೆಯ ಉದ್ಯೋಗ ಎಂಬಲ್ಲಿಗೆ ಬಂದಾಗ ತಂದೆ ಗಂಟಲು ಸರಿಮಾಡಿಕೊಂಡು, "ಕೃಷಿ ಅಂತ ಬರೀರಿ," ಎಂದರು.

ತಾಯಿ ಕೇಳಿದರು: "ಯಾರದ್ದು?"

"ನಂದೇ. ಮತ್ತೆ ಗದ್ದೆ ತೋಟ ನೋಡ್ಕೊಳ್ಳೋದು ಯಾರು?"

"ನೋಡ್ಕೊಳ್ಳೋದು ಹೌದು," ಎಂದು ತಾಯಿ ನನ್ನ ಕಡೆ ತಿರುಗಿದರು. "ಜಗಲಿ ಮೇಲೆ ಕೂತು ನೋಡ್ತಾರೆ ಮೇಡಂ. ಎರಡು ಹೊತ್ತೂ ನೋಡ್ತಾರೆ. ಇಲ್ಲ ಅನ್ನಬಾರದು."

ತಂದೆ ಕಿಟಕಿಯ ಆಚೆ ನೋಡತೊಡಗಿದರು. ನಾನು ಪೆನ್ನು ಹಿಡಿದು ಹುಡುಗನ ಮುಖ ನೋಡಿದೆ. ಅವನು, "ಮೇಡಂ, ಸಸಿ ನೆಡೋದು, ಗೊಬ್ಬರ ಹಾಕಿಸೋದು, ಆಳು ಕರೆಯೋದು, ಎಲ್ಲಾ ಅಮ್ಮನೇ. ಸುಳ್ಳು ಬರೆದರೆ ಅರ್ಜಿ ರದ್ದು ಅಂತ ಕೆಳಗೆ ಬರ್ದಿದಾರಲ್ಲ," ಎಂದು ಕೊನೆಯ ಸಾಲು ತೋರಿಸಿದ.

ಕೊನೆಗೆ ತಾಯಿಯ ಕಾಲಂನಲ್ಲಿ ಕೃಷಿ ಎಂದು ಬರೆದೆ. ತಂದೆಯ ಕಾಲಂನಲ್ಲೂ ಕೃಷಿ ಎಂದೇ ಬರೆದೆ, ಪಾಪ. ಪೋಷಕರ ಸಹಿಗೆ ತಾಯಿಯ ಕಡೆ ಅರ್ಜಿ ತಳ್ಳಿದರೆ ಅವರು ಅದನ್ನು ಗಂಡನ ಮುಂದೆ ಸರಿಸಿದರು. "ಸಹಿ ಇವರ ಹತ್ರವೇ ಹಾಕಿಸಿ ಮೇಡಂ. ಅದೊಂದು ಕೆಲಸ ಅಚ್ಚುಕಟ್ಟಾಗಿ ಮಾಡ್ತಾರೆ."

ಕಣ್ಣಿಗೆ ಕಾಣದ್ದು

ಶೃಂಗೇರಿ ಹತ್ತಿರದ ಒಬ್ಬಳು ಹುಡುಗಿ ಅಜ್ಜಿಯ ಜೊತೆ ಬಂದಿದ್ದಳು. ಅಜ್ಜಿಯ ಎರಡು ಕಣ್ಣಿಗೂ ಪೊರೆ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಲು ಕೊಪ್ಪಕ್ಕೆ ಬಂದಿದ್ದರಂತೆ. ಹುಡುಗಿಗೆ ಮೈಕ್ರೋಬಯಾಲಜಿ ಓದುವ ಆಸೆ. ನಾನು ಅರ್ಜಿ ತುಂಬುತ್ತಿರುವಾಗ ಅಜ್ಜಿ ಮೊಮ್ಮಗಳ ತೋಳು ಹಿಡಿದು, "ಅದು ಎಂತ ಓದು ಕೂಸೆ?" ಎಂದು ಕೇಳಿದರು.

"ಕಣ್ಣಿಗೆ ಕಾಣದ್ದರ ಬಗ್ಗೆ ಓದೋದು ಅಜ್ಜಿ."

"ಎಂತದೂ ಕಾಣ್ತಿಲ್ಲೆಯಾ?"

"ಇಲ್ಲೆ. ಎಂತದೂ ಕಾಣ್ತಿಲ್ಲೆ."

ಅಜ್ಜಿ ನನ್ನ ಧ್ವನಿ ಬರುತ್ತಿದ್ದ ದಿಕ್ಕಿಗೆ ಮುಖ ಮಾಡಿದರು. "ಹಂಗಾದ್ರೆ ನಂದೂ ಒಂದು ಅರ್ಜಿ ತುಂಬಿಬಿಡಿ ತಂಗಿ. ನಾ ಈಗಾಗಲೇ ಪಾಸು."

ಅಂಗಡಿಯವರ ಆಯ್ಕೆ

ಕಮ್ಮರಡಿ ಕಡೆಯ ಒಬ್ಬ ಹುಡುಗನ ಮನೆಯಲ್ಲಿ ಫೋನಿರಲಿಲ್ಲ. ಅರ್ಜಿಯಲ್ಲಿ ದೂರವಾಣಿ ಸಂಖ್ಯೆ ಕೇಳಿದ್ದಕ್ಕೆ ಊರಿನ ಕಿರಾಣಿ ಅಂಗಡಿಯದ್ದು ಕೊಟ್ಟಿದ್ದ. ಆ ಕಾಲದಲ್ಲಿ ಅದು ಮಾಮೂಲು. ಅಂಗಡಿಯವರು ಫೋನೆತ್ತಿ, "ಹಿಡ್ಕೊಳ್ಳಿ, ಕರೀತೇನೆ," ಎಂದು ರಸ್ತೆಗೆ ಬಂದು ಕೂಗುವುದು, ಆ ಕಡೆಯವರು ಹಿಡಿದುಕೊಂಡೇ ಇರುವುದು.

ಹುಡುಗ ಮೂರನೆಯ ಐಚ್ಛಿಕ ವಿಷಯದ ಜಾಗದಲ್ಲಿ ಎರಡಕ್ಕೆ ಗುರುತು ಹಾಕಿಬಿಟ್ಟಿದ್ದ, ರಾಜ್ಯಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ. ವಿಶ್ವವಿದ್ಯಾಲಯದ ಕಚೇರಿಯವರು ಒಳ್ಳೆಯ ಜನ, ಅರ್ಜಿ ತಿರಸ್ಕರಿಸದೆ ಫೋನು ಮಾಡಿದರು. ಹುಡುಗ ಅಜ್ಜನ ಮನೆಗೆ ಹೋಗಿದ್ದ. "ಇವತ್ತೇ ತಿಳಿಸಬೇಕು. ಇಲ್ಲದಿದ್ದರೆ ಸೀಟು ಮುಂದಿನವರಿಗೆ ಹೋಗ್ತದೆ," ಎಂದರಂತೆ. ಅಂಗಡಿಯವರಿಗೆ ತಮ್ಮೂರ ಹುಡುಗನ ಸೀಟು ಬಿಡಲು ಮನಸ್ಸಾಗಲಿಲ್ಲ. "ಒಂದು ನಿಮಿಷ ಹಿಡ್ಕೊಳ್ಳಿ," ಎಂದು ರಿಸೀವರನ್ನು ಬೆಲ್ಲದ ಡಬ್ಬದ ಮೇಲೆ ಮಲಗಿಸಿ, ಅಲ್ಲಿದ್ದ ಗಿರಾಕಿಗಳ ಸಭೆ ಕರೆದರು.

ರಾಜ್ಯಶಾಸ್ತ್ರ ಅಂದರೆ ಏನು ಎಂಬ ಪ್ರಶ್ನೆ ಬಂತು. ರಾಜಕೀಯ ಎಂದರು ಒಬ್ಬರು. "ಬೇಡ ಮಾರಾಯ, ಊರಿಗೆ ಈಗಿರುವ ರಾಜಕೀಯವೇ ಸಾಕು," ಎಂದು ಎಲ್ಲರೂ ಅದನ್ನು ಬಿಟ್ಟರು. ಸಮಾಜಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಫೋನಿನಲ್ಲಿ ಕೇಳಿದರು. ಸೋಷಿಯಾಲಜಿ ಎಂದು ಉತ್ತರ ಬಂತು. ಅಂಗಡಿಯವರು ಅದನ್ನು ಜೋರಾಗಿ ಹೇಳಿದಾಗ ಹಿಂದೆ ನಿಂತಿದ್ದ ಹಿರಿಯರೊಬ್ಬರು, "ಅದು ಸೊಸೈಟಿಗೆ ಸಂಬಂಧಪಟ್ಟದ್ದು," ಎಂದು ಬಿಡಿಸಿ ಹೇಳಿದರು. ಸೊಸೈಟಿ ಅಂದರೆ ಅವರ ಲೆಕ್ಕದಲ್ಲಿ ಅಡಿಕೆ ಹಾಕುವ, ಗೊಬ್ಬರ ತರುವ ಸಹಕಾರ ಸಂಘ. ಸಭೆ ಒಮ್ಮತದಿಂದ ಒಪ್ಪಿತು. ಸೊಸೈಟಿಯ ಓದು ಓದಿದರೆ ಸೊಸೈಟಿಯಲ್ಲೇ ಕೆಲಸ, ಮನೆಯಿಂದಲೇ ಓಡಾಡಬಹುದು. ಅಂಗಡಿಯವರು ಫೋನೆತ್ತಿ, "ಸೊಸೈಟಿದೇ ಇರ್ಲಿ ಸಾರ್," ಎಂದು ಮುಗಿಸಿದರು.

ಹುಡುಗ ನನ್ನ ಹತ್ತಿರ ಬಂದು ಅತ್ತೇಬಿಟ್ಟ. ಅವನಿಗೆ ರಾಜ್ಯಶಾಸ್ತ್ರವೇ ಬೇಕಿತ್ತು. ಒಂದು ತಿಂಗಳು ಓದಿ ನೋಡು, ಆಗದಿದ್ದರೆ ಬದಲಾಯಿಸುವ ಎಂದು ಸಮಾಧಾನ ಹೇಳಿ ಕಳಿಸಿದೆ. ಒಂದು ತಿಂಗಳಿಗೆ ಅವನಿಗೆ ವಿಷಯ ಹಿಡಿಸಿಹೋಯಿತು. ಬಿ.ಎ. ಮುಗಿಸಿದ, ಚೆನ್ನಾಗಿಯೇ ಮುಗಿಸಿದ. ಆಮೇಲೆ ಅವನಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಅಂದರೆ, ಅದೇ ಊರಿನ ಸಹಕಾರ ಸಂಘದಲ್ಲಿ, ಗುಮಾಸ್ತನಾಗಿ.

ಅಲ್ಲಿಂದ ಮುಂದೆ ಕಮ್ಮರಡಿ ಕಡೆಯ ಮಕ್ಕಳು ನನ್ನ ಹತ್ತಿರ ಬರುವ ಮೊದಲು ಅಂಗಡಿಯವರನ್ನು ಕಂಡು ಬರತೊಡಗಿದರು. ನನ್ನ ಪಾಲಿಗೆ ಉಳಿದದ್ದು ತುಂಬುವ ಕೆಲಸ ಮಾತ್ರ.

ಮೊದಲು ಹಗ್ಗ ಹಿಡಿ

ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳಿಗೆಲ್ಲ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಬೇಕು. ನಮ್ಮ ಪ್ರಿನ್ಸಿಪಾಲರಿದ್ದರೆ ತೊಂದರೆಯಿಲ್ಲ. ಅವರು ಮೌಲ್ಯಮಾಪನಕ್ಕೆಂದು ಊರು ಬಿಟ್ಟರೆ ನಮಗೆ ಉಳಿಯುತ್ತಿದ್ದವರು ಪಶುವೈದ್ಯರೊಬ್ಬರೇ. ಅವರು ಕಚೇರಿಯಲ್ಲಿ ಸಿಗುವ ಮನುಷ್ಯರಲ್ಲ. ಯಾರ ಕೊಟ್ಟಿಗೆಯಲ್ಲಿದ್ದಾರೆ ಎಂದು ಕೇಳಿಕೊಂಡು ಹೋಗಬೇಕು.

ಎನ್.ಆರ್. ಪುರದ ಕಡೆಯ ಒಬ್ಬಳು ಹುಡುಗಿ ಇದ್ದಳು. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. ಅವರ ಮನೆಯಲ್ಲಿ ಪಿಯುಸಿವರೆಗೆ ಬಂದವಳು ಅವಳೇ ಮೊದಲು, ಅದೂ ವಿಜ್ಞಾನ ತೆಗೆದುಕೊಂಡು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕೂ ಬಂದಿತ್ತು. ಆದರೆ ಯಾವುದಕ್ಕೆ ಸೇರಬೇಕು ಎಂದರೆ, "ನೀವು ಹೇಳಿದ್ದಕ್ಕೆ ಮೇಡಂ," ಎನ್ನುತ್ತಿದ್ದಳು. ನನಗೂ ಹೇಳಲು ಧೈರ್ಯವಿರಲಿಲ್ಲ. ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೊರಡುವ ಮೊದಲು ಸಹಿ ಹಾಕಿಸಿಕೊಂಡು ಬಾ ಎಂದು ಕಳಿಸಿದೆ.

ಹುಡುಗಿ ಕೇಳಿಕೊಂಡು ಕೇಳಿಕೊಂಡು ಒಂದು ಮನೆಯ ಕೊಟ್ಟಿಗೆಗೆ ಹೋದಳು. ಎಮ್ಮೆಗೆ ಕರು ಹಾಕಲು ಕಷ್ಟವಾಗಿತ್ತು. ಮನೆಯ ಯಜಮಾನರು ರಕ್ತ ನೋಡಿ ತಲೆ ತಿರುಗಿ ಜಗಲಿಯಲ್ಲಿ ಮಲಗಿದ್ದರು, ಹೆಂಗಸರು ಅವರಿಗೆ ನೀರು ಕುಡಿಸುತ್ತಿದ್ದರು. ಡಾಕ್ಟರು ಅಂಗಿ ಬಿಚ್ಚಿ, ಕರುವಿನ ಕಾಲಿಗೆ ಹಗ್ಗ ಕಟ್ಟಿ ಒಬ್ಬರೇ ಒದ್ದಾಡುತ್ತಿದ್ದರು. ಬಾಗಿಲಲ್ಲಿ ಫೈಲು ಹಿಡಿದು ನಿಂತವಳನ್ನು ನೋಡಿದರು.

"ಸರ್, ಸಹಿ ಬೇಕಿತ್ತು."

"ಸಹಿ ಆಮೇಲೆ. ಮೊದಲು ಹಗ್ಗ ಹಿಡಿ."

ಅವಳು ಫೈಲನ್ನು ಹುಲ್ಲಿನ ಅಟ್ಟಕ್ಕೆ ಎಸೆದು ಹಗ್ಗ ಹಿಡಿದಳು. ಎಳಿ ಅಂದಾಗ ಎಳೆದಳು, ನಿಲ್ಲು ಅಂದಾಗ ನಿಂತಳು. ಒಮ್ಮೆ ಡಾಕ್ಟರು ಎಳಿ ಅಂದರೂ ಎಳೆಯದೆ, "ಈಗ ಬೇಡ ಸರ್, ಎಮ್ಮೆ ಉಸಿರು ಬಿಡ್ಲಿ," ಅಂದಳಂತೆ. ಕೊನೆಗೆ ಕರು ಬಂತು, ತಾಯಿಯೂ ಉಳಿಯಿತು. ಡಾಕ್ಟರು ಕೈ ತೊಳೆದುಕೊಂಡು ಎಲ್ಲಾ ಪ್ರತಿಗಳಿಗೂ ಸಹಿ ಹಾಕಿದರು. ಹಾಕುತ್ತಾ, "ನೀನು ಯಾವುದಕ್ಕೆ ಸೇರ್ತೀಯ?" ಎಂದು ಕೇಳಿದರು. ಅವಳು ಕರುವನ್ನು ಹುಲ್ಲಿನಿಂದ ಒರೆಸುತ್ತಾ, "ಇದಕ್ಕೇ," ಎಂದಳು.

ಬೆಂಗಳೂರಿನಲ್ಲಿ ಅವಳ ರ‍್ಯಾಂಕಿಗೆ ಪಶುವೈದ್ಯಕೀಯ ಸೀಟು ಸಿಕ್ಕಿತು. ವಿಷಯ ಹೇಳಲು ಅವಳ ಅಪ್ಪ ಕಾಲೇಜಿಗೆ ಬಂದಿದ್ದರು. ಖುಷಿಯಲ್ಲಿ ಅವರಿಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. "ಸಹಿ ಹಾಕಿಸ್ಕೊಂಡು ಬಾ ಅಂತ ಕಳ್ಸಿದ್ದು ಮೇಡಂ," ಎಂದರು. "ಈಗ ನೋಡಿದ್ರೆ, ಸಹಿ ಹಾಕೋಳೇ ಆಗ್ತೀನಿ ಅಂತ ಕೂತಿದಾಳೆ."

ಫೈಲು ಹಿಡಿದ ಹುಡುಗಿ

ಒಂದು ವರ್ಷ ಮೂವರು ಹುಡುಗಿಯರ ಪ್ರಮಾಣಪತ್ರ ತಾಲ್ಲೂಕು ಕಚೇರಿಯಿಂದ ಕೈಗೆ ಬಂದದ್ದೇ ಅರ್ಜಿ ಕೊಡುವ ಕೊನೆಯ ದಿನದ ಹಿಂದಿನ ಸಂಜೆ. ಅಂಚೆಗೆ ಹಾಕಿದರೆ ತಲುಪುವುದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಮೂವರನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೊರಟೆ. ತೀರ್ಥಹಳ್ಳಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಬಸ್ಸು ಒಂದು ಸಲ ಕೆಮ್ಮಿ ನಿಂತಿತು. ಡ್ರೈವರು ಕೆಳಗಿಳಿದು ಬಗ್ಗಿ ನೋಡಿ, ಬೀಡಿ ಹಚ್ಚಿದರು. ಬೀಡಿ ಹಚ್ಚಿದರೆಂದರೆ ಇನ್ನು ಹೊರಡುವುದಿಲ್ಲ ಎಂದು ಅರ್ಥ.

ಮೂವರಲ್ಲಿ ಶೃಂಗೇರಿ ಕಡೆಯ ಹುಡುಗಿಯೇ ಧೈರ್ಯದವಳು. ಮೂವರ ಅರ್ಜಿಗಳಿದ್ದ ಫೈಲನ್ನು ಎದೆಗವಚಿಕೊಂಡು ಅವಳು ರಸ್ತೆ ಮಧ್ಯಕ್ಕೆ ಹೋಗಿ ಕೈ ಅಡ್ಡ ಹಿಡಿದಳು. ನಿಂತದ್ದು ಮಾವಿನ ಸೊಪ್ಪು ಕಟ್ಟಿದ ವ್ಯಾನು. ಗಂಡಿನ ಕಡೆಯ ದಿಬ್ಬಣ. ಮುಂದಿನ ಸೀಟಿನಲ್ಲಿ ಜರಿಪೇಟದ ಹಿರಿಯರೊಬ್ಬರು ಕೂತಿದ್ದರು, ಮದುಮಗನ ದೊಡ್ಡಪ್ಪ. ವಿಷಯ ಕೇಳಿ, "ಓದೋ ಮಕ್ಕಳನ್ನ ರಸ್ತೆಲಿ ಬಿಟ್ಟು ಹೋದ್ರೆ ಮುಹೂರ್ತಕ್ಕೆ ಒಳ್ಳೇದಲ್ಲ. ಹತ್ತಿ," ಎಂದರು.

ಶಿವಮೊಗ್ಗದ ಕಲ್ಯಾಣ ಮಂಟಪದ ಮುಂದೆ ವ್ಯಾನು ನಿಂತಿತು. ಇಳಿದವರಿಗೆಲ್ಲ ಹೆಣ್ಣಿನ ಕಡೆಯವರು ಪನ್ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಕೈಗೆ ಗುಲಾಬಿ ಕೊಟ್ಟರು. ನಾವು ಇಂಥವರು ಎಂದು ಹೇಳಲು ಬಾಯಿ ತೆರೆದರೆ ಬಾಯಿಗೆ ಕಲ್ಲುಸಕ್ಕರೆ ಹಾಕಿದರು. ಹೇಗೋ ನುಸುಳಿಕೊಂಡು ಆಟೋ ಹಿಡಿದು ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಓಡಿದೆವು.

ಕಚೇರಿಯ ಬಾಗಿಲು ತೆರೆದಿತ್ತು. ಕುರ್ಚಿಗಳೆಲ್ಲ ಖಾಲಿ. ಜವಾನರೊಬ್ಬರು ಮಾತ್ರ ಇದ್ದರು. "ಸೂಪರಿಂಟೆಂಡೆಂಟ್ ಸಾಹೇಬ್ರ ಮಗಳ ಮದುವೆ. ಎಲ್ಲ ಅಲ್ಲಿಗೇ ಹೋಗಿದಾರೆ," ಎಂದರು. ಯಾವ ಮಂಟಪ ಎಂದು ಕೇಳಿದೆ. ಹೇಳಿದರು. ನಾವು ಈಗಷ್ಟೇ ಕಲ್ಲುಸಕ್ಕರೆ ತಿಂದು ಬಂದ ಮಂಟಪ.

ಮತ್ತೆ ಆಟೋ. ಮಂಟಪದ ಬಾಗಿಲಲ್ಲಿ ಮತ್ತೆ ಪನ್ನೀರು, ಮತ್ತೆ ಗುಲಾಬಿ. ಧಾರೆ ಮುಗಿದು ಜನ ವೇದಿಕೆಗೆ ಸಾಲು ಹಿಡಿದಿದ್ದರು. ನಾವೂ ಸಾಲಿನಲ್ಲಿ ನಿಂತೆವು. ಮುಂದಿದ್ದವರ ಕೈಯಲ್ಲಿ ಉಡುಗೊರೆಯ ಪೊಟ್ಟಣ, ನಮ್ಮ ಹುಡುಗಿಯ ಕೈಯಲ್ಲಿ ಫೈಲು. ವೇದಿಕೆ ಹತ್ತಿದ ಕೂಡಲೇ ವಿಡಿಯೋದವನು ಕಣ್ಣು ಕುಕ್ಕುವ ಲೈಟು ಬಿಟ್ಟು, "ಎಲ್ಲ ಈ ಕಡೆ ನೋಡಿ, ಸ್ವಲ್ಪ ನಗಿ," ಎಂದ. ನಾವು ನಕ್ಕೆವು. ನಗುತ್ತಲೇ ನಾನು ಮದುಮಗಳ ತಂದೆಯ ಕಿವಿಯ ಹತ್ತಿರ ಬಗ್ಗಿ, "ಸರ್, ಕೊಪ್ಪದಿಂದ ಬಂದಿದ್ದೇವೆ, ಅರ್ಜಿ," ಎಂದೆ. ವಾಲಗದ ಸದ್ದಿನಲ್ಲಿ ಅವರಿಗೆ ಕೇಳಿಸಿದ್ದು ಕೊಪ್ಪ ಎನ್ನುವುದೊಂದೇ. "ಕೊಪ್ಪದಿಂದ ಅಷ್ಟು ದೂರ ಬಂದಿರಾ, ಬಹಳ ಸಂತೋಷ. ಊಟ ಮಾಡ್ಕೊಂಡೇ ಹೋಗಬೇಕು," ಎಂದು ಹುಡುಗಿಯ ಕೈಯಿಂದ ಫೈಲನ್ನು ಎರಡೂ ಕೈಯಲ್ಲಿ ಸ್ವೀಕರಿಸಿ ಹಿಂದೆ ನಿಂತಿದ್ದ ತಮ್ಮನ ಮಗನಿಗೆ ಕೊಟ್ಟರು. ಅವನು ಅದನ್ನು ಉಡುಗೊರೆಗಳ ಕೋಣೆಗೆ ಸೇರಿಸಿ ಬೀಗ ಹಾಕಿಕೊಂಡು ಎಲ್ಲಿಗೋ ಹೋದ.

ಮೂವರು ಮಕ್ಕಳ ಅಂಕಪಟ್ಟಿ, ಪ್ರಮಾಣಪತ್ರ ಎಲ್ಲವೂ ಕುಕ್ಕರು, ಗೋಡೆ ಗಡಿಯಾರಗಳ ನಡುವೆ ಬಂದಿಯಾಗಿದ್ದವು. ಒಬ್ಬಳು ಹುಡುಗಿಯ ಕಣ್ಣಲ್ಲಿ ನೀರು ಬಂತು. ಶೃಂಗೇರಿಯವಳು ಮಾತ್ರ ಸುತ್ತ ನೋಡಿ, ಜರಿಪೇಟದ ದೊಡ್ಡಪ್ಪನನ್ನು ಹುಡುಕಿ, ಊಟದ ಪಂಕ್ತಿಯಲ್ಲಿ ಅವರ ಪಕ್ಕದ ಎಲೆಗೇ ಹೋಗಿ ಕೂತಳು. ಅನ್ನಕ್ಕೆ ಸಾರು ಬೀಳುವುದರೊಳಗೆ ಎಲ್ಲಾ ಹೇಳಿದಳು. ದೊಡ್ಡಪ್ಪ ಎಲೆ ಬಿಟ್ಟು ಏಳುವ ಹಾಗಿರಲಿಲ್ಲ. ಕೂತಲ್ಲಿಂದಲೇ ಬಡಿಸುತ್ತಿದ್ದವರನ್ನು ಕರೆದು, ಬೀಗರನ್ನು ಕಳಿಸಿ ಎಂದು ಹೇಳಿದರು. ಗಂಡಿನ ಕಡೆಯ ಹಿರಿಯರು ಊಟದ ಮಧ್ಯೆ ಕರೆದಿದ್ದಾರೆ ಎಂದು ಮದುಮಗಳ ತಂದೆ ಗಾಬರಿಯಿಂದ ಓಡಿ ಬಂದರು.

"ಏನಾಯ್ತು ಬೀಗರೇ, ಉಪ್ಪು ಕಮ್ಮಿಯಾ?"

"ಉಪ್ಪೆಲ್ಲ ಸರಿ ಇದೆ. ಈ ಮಕ್ಕಳ ಅರ್ಜಿ ನಿಮ್ಮ ಉಡುಗೊರೆ ಕೋಣೆಲಿದೆಯಂತೆ. ಇವತ್ತೇ ಕೊನೆ ದಿನವಂತೆ."

ಸೂಪರಿಂಟೆಂಡೆಂಟರು ನಮ್ಮನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. "ಅದಕ್ಕೇ ಅಷ್ಟು ತೆಳ್ಳಗಿತ್ತು," ಎಂದರು. ಪಾಯಸ ಬಡಿಸುತ್ತಿದ್ದ ಪಂಚೆ ಉಟ್ಟ ಒಬ್ಬರನ್ನು ಕರೆದರು. ಅವರೇ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು. "ಸೌಟು ಕೆಳಗಿಡಿ. ಇವರ ಊಟ ಆದ ಕೂಡಲೇ ಕರ್ಕೊಂಡು ಹೋಗಿ ಕೌಂಟರ್ ತೆಗೀರಿ," ಎಂದರು. ಕೀಲಿ ಇದ್ದ ತಮ್ಮನ ಮಗನನ್ನು ಹುಡುಕಿ ತಂದರು. ಫೈಲು ಸಿಕ್ಕಿತು. ಮೇಲೆ 'ನವದಂಪತಿಗಳಿಗೆ, ಕೊಪ್ಪದವರಿಂದ' ಎಂದು ಚೀಟಿ ಅಂಟಿಸಿ ಆಗಿತ್ತು.

ಪಂಚೆ ಶಲ್ಯದ ಗುಮಾಸ್ತರು ಕೌಂಟರಿನಲ್ಲಿ ಕೂತು ಮೂರೂ ಅರ್ಜಿಗಳಿಗೆ ಮೊಹರು ಒತ್ತಿದರು. ಸಾಹೇಬರ ಅರಿಶಿನದ ಕೈ ತಗಲಿ ಫೈಲಿನ ಮೂಲೆಯೆಲ್ಲ ಹಳದಿಯಾಗಿತ್ತು. "ಇರ್ಲಿ ಬಿಡಿ, ಶುಭ," ಎಂದರು. ಮೂವರಿಗೂ ಸೀಟು ಸಿಕ್ಕಿತು.

ಇಷ್ಟಕ್ಕೇ ಮುಗಿಯಲಿಲ್ಲ. ಮಳೆ ಹಿಡಿದ ಮೇಲೆ ಒಂದು ದಿನ ಜರಿಪೇಟದ ದೊಡ್ಡಪ್ಪ, ಈಗ ಬರೀ ಕೊಡೆ ಹಿಡಿದು, ನನ್ನ ಮೇಜಿನ ಮುಂದೆ ಬಂದು ಕೂತರು. ಮದುವೆಯ ವಿಡಿಯೋ ಬಂದಿತ್ತಂತೆ. ಎರಡೂ ಮನೆಯವರು ಕೂತು ನೋಡಿದರಂತೆ. ವೇದಿಕೆಯಲ್ಲಿ ಫೈಲು ಹಿಡಿದು ನಗುತ್ತಿದ್ದ ಹುಡುಗಿಯನ್ನು ನೋಡಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವಳೆಂದೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವಳೆಂದೂ ತಿಳಿದು, ಇಬ್ಬರೂ ತಮ್ಮ ತಮ್ಮ ಮನೆಯ ಒಬ್ಬೊಬ್ಬ ಹುಡುಗನಿಗೆ ಕೇಳುವ ಎಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರಂತೆ. "ಹಂಗಾಗಿ ಎರಡು ಕಡೆಯಿಂದಲೂ ನಾನೇ ಬಂದೆ ಮೇಡಂ. ಕೂಸಿನ ಮನೆಯವರು ನಂಗೆ ಗೊತ್ತಿಲ್ಲ. ನೀವೇ ಒಂದು ಮಾತು ಕೇಳಿ ನೋಡಿ," ಎಂದರು.

ಹುಡುಗಿ ಆ ವಾರ ಟಿ.ಸಿ. ತೆಗೆದುಕೊಳ್ಳಲು ಕಾಲೇಜಿಗೆ ಬಂದಿದ್ದಳು. ನಾನು ನಗು ತಡೆದುಕೊಂಡು, ಎರಡೆರಡು ಕಡೆಯಿಂದ ಸಂಬಂಧ ಬಂದಿದೆ, ಏನು ಹೇಳಲಿ ಎಂದು ಕೇಳಿದೆ. ಅವಳು ನಾಚಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕೌಂಟರಿನ ಗುಮಾಸ್ತರ ಧ್ವನಿಯಲ್ಲಿ ಹೇಳಿದಳು:

"ಈ ವರ್ಷ ಸೀಟು ಭರ್ತಿಯಾಗಿದೆ ಅನ್ನಿ ಮೇಡಂ. ಮುಂದೆ ಅರ್ಜಿ ಕರೆದಾಗ, ಎಲ್ಲ ಅಂಕಪಟ್ಟಿಯ ನಕಲಿನೊಂದಿಗೆ ಹುಡುಗರೇ ಖುದ್ದಾಗಿ ಬರ್ಲಿ."